ಅಳಗಮ್ಮಾಳ್ ಇಟ್ಟ ಗೋಡೆ

ಹಾರೆ ನೆಲಕ್ಕೆ ಬಡಿದು ಠಣ್ಣೆಂದು ಹಿಂದಕ್ಕೆ ಪುಟಿಯಿತು. ಮಾಯಾಂಡಿ ಅಂಗೈಯನ್ನು ಸೊಂಟದ ಬಟ್ಟೆಗೆ ಒರೆಸಿಕೊಂಡು ಮತ್ತೆ ಎತ್ತಿ ಹೊಡೆದ. ಈ ಸಲ ತೆಂಗಿನ ಚಿಪ್ಪಿನಷ್ಟು ಮಣ್ಣು ಎದ್ದಿತು. ಹೊತ್ತು ಹುಟ್ಟುವ ಮೊದಲೇ ಬಂದು ಅಗೆಯುತ್ತಿದ್ದರೂ ಗುಂಡಿ ಇನ್ನೂ ಮೊಣಕಾಲಿಗೆ ಬಂದಿರಲಿಲ್ಲ. ಬೇಸಿಗೆಯ ಪಂಗುನಿ ತಿಂಗಳು. ಮಳೆ ಕಂಡು ನಾಲ್ಕು ತಿಂಗಳಾಗಿತ್ತು. ಊರಾಚೆಯ ಸುಡುಗಾಡಿನ ಕಪ್ಪು ನೆಲ ಕೈ ಹೋಗುವಷ್ಟು ಅಗಲವಾಗಿ ಬಿರಿದಿತ್ತು. ಬಿರುಕುಗಳ ನಡುವೆ ಉಳಿದ ಮಣ್ಣು ಒಣಗಿ ಕಲ್ಲಾಗಿತ್ತು.

ಹಿಂದಿನ ದಿನ ತೀರಿಕೊಂಡ ಅಳಗಮ್ಮಾಳಿಗಾಗಿ ಈ ಗುಂಡಿ. ಉದ್ದ ಹೆಚ್ಚು ಬೇಕಾಗಿರಲಿಲ್ಲ. ಮುದುಕಿ ಮೊದಲೇ ಕುಳ್ಳಿ, ಕೊನೆಯ ವರ್ಷ ಇನ್ನಷ್ಟು ಇಳಿದುಹೋಗಿದ್ದಳು. ಆದರೆ ನರಿಗಳು ಕೆದಕದ ಹಾಗೆ ಎದೆಮಟ್ಟ ಇಳಿಯಲೇಬೇಕು.

ಗುಂಡಿಯ ಮೇಲೆ ನೆರಳು ಬಿತ್ತು. ತಂಗರಾಜ ಬಂದು ನಿಂತಿದ್ದ. ಹೆಗಲ ಮೇಲಿನ ವಸ್ತ್ರ ತೆಗೆದು ಕಳ್ಳಿಬೇಲಿಯ ಮೇಲೆ ಹಾಕಿ, ಕೆಳಗಿಳಿದು ಹಾರೆಗೆ ಕೈ ಚಾಚಿದ.

ಮಾಯಾಂಡಿ ಕೊಡಲಿಲ್ಲ. "ನೀವ್ಯಾಕೆ ಕವುಂಡ್ರೇ. ನೋಡ್ದೋರು ಏನಾರ ಅಂದಾರು."

"ಅನ್ಲಿ ಬುಡು."

ಅನ್ನುವುದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಮಾಸಿ ತಿಂಗಳಲ್ಲಿ ತಂಗರಾಜನ ಮನೆಯ ಹಿಂಗೋಡೆ ಕುಸಿದು ಅವನ ಹೆಂಡತಿ ಪೇಚ್ಚಿಯಮ್ಮಾಳ್ ಸತ್ತಿದ್ದಳು. ಆ ಗೋಡೆ ಇಟ್ಟವಳು ಅಳಗಮ್ಮಾಳ್. ಅಂದಿನಿಂದ ಊರಿನಲ್ಲಿ ಯಾರೂ ಅವಳನ್ನು ಗೋಡೆ ಕೆಲಸಕ್ಕೆ ಕರೆದಿರಲಿಲ್ಲ. ಸಾವಿನ ದಿನಗಳು ಕಳೆದ ಮೇಲೆ ತಂಗರಾಜ ಅವಳ ಮನೆಯತ್ತ ಸುಳಿದಿರಲಿಲ್ಲ.

ಅವನು ಹಾರೆಯನ್ನು ಮಾಯಾಂಡಿಯ ಕೈಯಿಂದ ಬಿಡಿಸಿಕೊಂಡು, ಎತ್ತಿ ಜೋರಾಗಿ ಹೊಡೆದ. ಏಟು ಮೊಣಕೈವರೆಗೂ ಜುಮ್ಮೆಂದು ಹತ್ತಿತು. ಮಣ್ಣು ಅಲುಗಲಿಲ್ಲ.

"ಮ್ಯಾಲೆ ಹೊಡೀಬ್ಯಾಡಿ," ಎಂದ ಮಾಯಾಂಡಿ. "ಬಿರುಕೊಳಗೆ ಕಡಪಾರೆ ಇಟ್ಟು ಮೀಟಿ. ಒಣಗ್ದ ಮಣ್ಣು ಏಟಿಗೆ ಬಗ್ಗಾಕಿಲ್ಲ. ಅದಾಗೇ ಎಲ್ಲಿ ಬುಟ್ಟೈತೋ ಅಲ್ಲಿ ಕೇಳಿದ್ರೆ ಬತ್ತೈತೆ. ಗೋಡೆಗೆ ಮಣ್ಣು ತುಳೀವಾಗ ಈ ಅಮ್ಮನೇ ಹೇಳ್ಕೊಟ್ಟಿದ್ದು."

ತಂಗರಾಜ ಹಾರೆಯ ಮೊನೆಯನ್ನು ಬಿರುಕಿಗೆ ತೂರಿಸಿ ಮೈಭಾರ ಹಾಕಿದ. ಹೆಡಿಗೆಯಷ್ಟು ದೊಡ್ಡ ಹೆಂಟೆ ಬುಡಸಹಿತ ಎದ್ದು ಬಂತು. ಅದರ ಒಳಮೈ ಸಣ್ಣ ಸಣ್ಣ ಮುಖಗಳಾಗಿ ಹೊಳೆಯುತ್ತಿತ್ತು. ಮಾಯಾಂಡಿ ಅದನ್ನು ಎರಡು ಕೈಯಲ್ಲಿ ಎತ್ತಿ ಹೊರಗಿಟ್ಟ. ಹೀಗೆ ಇಬ್ಬರೂ ಬಹಳ ಹೊತ್ತು ಕೆಲಸ ಮಾಡಿದರು. ಸೊಂಟಮಟ್ಟ ಇಳಿದಾಗ ಮಣ್ಣಿನ ಬಣ್ಣ ಗಾಢವಾಗಿ, ಸನಿಕೆಗೆ ಸುಲಭವಾಗಿ ಬರತೊಡಗಿತು. ಅಲ್ಲಿ ತಂಪಿತ್ತು.

"ಮನೆ ಹತ್ರ ಯಾರ್ಯಾರ್ ಬಂದವ್ರೆ?" ತಂಗರಾಜ ಕೇಳಿದ.

"ಹೆಂಗಸ್ರು ಕೊಂಚ ಜನ. ಆಂಡಿಪಟ್ಟಿಯಿಂದ ಮಗಳು ಬಂದವ್ಳೆ. ಲಕ್ಷ್ಮಣ ಕವುಂಡ್ರು ತಿಣ್ಣೆ ಮ್ಯಾಲೆ ಕುಂತವ್ರೆ, ಕೊಡ ಎತ್ತಾಕಿಲ್ಲ ಅಂತ."

ಅಳಗಮ್ಮಾಳಿಗೆ ಗಂಡುಮಕ್ಕಳಿಲ್ಲ. ಹೆಣದ ಮುಂದೆ ನೀರಿನ ಕೊಡ ಹೊತ್ತು ನಡೆಯಬೇಕಾದವನು ಅವಳ ಮೈದುನನ ಮಗ ಲಕ್ಷ್ಮಣನ್. ಗೋಡೆಯಡಿ ಸತ್ತ ಪೇಚ್ಚಿಯಮ್ಮಾಳ್ ಅವನ ಒಡಹುಟ್ಟಿದ ತಂಗಿ.

"ಕೇಳಿದೆ," ಎಂದ ತಂಗರಾಜ.

ಮಾಯಾಂಡಿ ಸನಿಕೆ ಊರಿ ನಿಂತ. "ಆವತ್ತು ನಿಮ್ಮ ಹಿತ್ಲಾಗೆ ನಾನೂ ಇದ್ದೆ ಕವುಂಡ್ರೇ."

ತಂಗರಾಜ ಹಾರೆಯಿಂದ ಮಣ್ಣು ಸಡಿಲಿಸುತ್ತಲೇ ಇದ್ದ.

"ನಿಮ್ ಹೊಲ್ದಾಗೆ ವೇಲೆ ಮಾಡೋ ಕೂಲಿ ಆಳು ನಾನು. ನಾ ಹೇಳಿದ್ರೆ ಯಾರ್ ಕೇಳಾರು. ಅಮ್ಮನೂ ಬ್ಯಾಡ ಅಂದ್ರು. ಇವತ್ತು ಮಣ್ಣಿಗೆ ಹೋಗ್ತಾವ್ರೆ. ಇನ್ಮ್ಯಾಲೆ ಅವ್ರಿಗೆ ಏನೂ ಇಲ್ಲ. ಆ ಮಗಳಿಗೆ ಐತೆ."

"ಇನ್ನೆಷ್ಟು ಆಳ ಬೇಕು?"

"ಒಂದ್ ಮೊಳ."

ತಂಗರಾಜ ಆ ಒಂದು ಮೊಳವನ್ನೂ ತಾನೇ ಅಗೆದ.

* * *

ಅಳಗಮ್ಮಾಳಿಗೆ ಮಣ್ಣಿನ ಗುರುತು ಹತ್ತಿದ್ದು ಗಂಡ ಸತ್ತ ದಿನ. ಅವನು ಬಾವಿ ತೋಡುತ್ತಿದ್ದ. ತೇವಾರಂ ಊರಿಗೆ ಹೋಗುವ ದಾರಿಯ ತೋಟವೊಂದರಲ್ಲಿ ಎರಡಾಳು ಆಳಕ್ಕೆ ಹೋದಾಗ ಒಂದು ಬದಿ ಜಾರಿ ಅವನ ಮೇಲೆ ಬಿತ್ತು. ಅವಳಿಗೆ ಇಪ್ಪತ್ತನಾಲ್ಕು ವರ್ಷ. ಎರಡು ವರ್ಷದ ಮಾರಿಯಮ್ಮಾಳನ್ನು ಮಡಿಲಲ್ಲಿಟ್ಟುಕೊಂಡು, ಹೆಣ ಮೇಲೆ ತರುವವರೆಗೂ ಬಾವಿಯ ಅಂಚಿನಲ್ಲಿ ಕೂತಿದ್ದಳು. ಬೇರೆ ಎಲ್ಲಿ ನೋಡುವುದಕ್ಕೂ ಧೈರ್ಯವಿಲ್ಲದೆ ಬಾವಿಯ ಬದಿಗಳನ್ನೇ ನೋಡುತ್ತಿದ್ದಳು. ಮೂರು ಬದಿ ಕತ್ತಿಯಿಂದ ಕೊಯ್ದ ಹಾಗೆ ನೆಟ್ಟಗೆ ನಿಂತಿದ್ದವು. ನಾಲ್ಕನೆಯದು ಮಾತ್ರ ಧಾನ್ಯದ ರಾಶಿಯಂತೆ ಸುರಿದಿತ್ತು. ಅದೇ ಬಣ್ಣ, ಅದೇ ಮಣ್ಣು.

ತಿಂಗಳು ಕಳೆದ ಮೇಲೆ ಆ ತೋಟದ ಮುದುಕನನ್ನು ಕೇಳಿದಳು. ಆ ಬದಿಯಲ್ಲಿ ತನ್ನ ಅಜ್ಜನ ಕಾಲದ ಹಗೇವು ಇತ್ತು, ಕಾಳು ತುಂಬುವುದು ಬಿಟ್ಟಮೇಲೆ ಮಣ್ಣು ಹಾಕಿ ಮುಚ್ಚಿದ್ದೆವು ಎಂದ. ಅಗೆದು ತುಂಬಿದ ಮಣ್ಣು ಅರವತ್ತು ವರ್ಷವಾದರೂ ತುಂಬಿದ ಮಣ್ಣೇ ಆಗಿತ್ತು. ಎಂದೂ ಅಲುಗದ ನೆಲಕ್ಕೆ ಒಳಗೊಳಗೇ ಇರುವ ಕಟ್ಟು ಅದಕ್ಕೆ ಬಂದಿರಲಿಲ್ಲ.

ಆ ವರ್ಷವೇ ಮಳೆಗೆ ಅವಳ ಗುಡಿಸಲಿನ ತಟ್ಟಿ ಕೊಚ್ಚಿಹೋಯಿತು. ಕರೆಸಲು ಯಾರೂ ಇಲ್ಲದೆ ತಾನೇ ಗೋಡೆ ಇಟ್ಟುಕೊಂಡಳು. ಎರಡು ಸಲ ಬಿರಿಯಿತು. ಮೂರನೆಯ ಸಲ ನಿಂತಿತು. ಅಕ್ಕಪಕ್ಕದವರು ದನದ ಕೊಟ್ಟಿಗೆಗೆ ಕರೆದರು, ಆಮೇಲೆ ಮನೆಗೆ ಕರೆದರು. ಬೇಸಾಯದ ಮನೆಯ ಹೆಂಗಸು ಮಣ್ಣು ತುಳಿಯುವುದೇ ಎಂದು ಮೈದುನ ಮುಖ ತಿರುಗಿಸಿದ. ಅವನ ಮನೆಗೇ ಗೋಡೆ ಬೇಕಾದಾಗ ಸುಮ್ಮನಾದ.

ಕಪ್ಪು ಮಣ್ಣನ್ನು ಅವಳು ಗೋಡೆಗೆ ಮುಟ್ಟುತ್ತಿರಲಿಲ್ಲ. ಅದು ನೀರು ಕುಡಿದಾಗ ಉಬ್ಬಿ, ಒಣಗಿದಾಗ ತನ್ನನ್ನು ತಾನೇ ಸೀಳಿಕೊಳ್ಳುತ್ತದೆ. ದಿನ್ನೆಯ ಕೆಂಪು ಮಣ್ಣು, ಅದಕ್ಕೆ ಹೊಳೆಯ ಗರಸು, ಬೆರಳುದ್ದ ಕತ್ತರಿಸಿದ ಹುಲ್ಲು. ಮಾಯಾಂಡಿ ಎರಡು ದಿನ ತುಳಿಯಬೇಕು. ಮೂರನೆಯ ದಿನ ಅವಳು ಒಂದು ಮುದ್ದೆ ಹಿಡಿದು ಹಿಸುಕಿ ನೋಡಿ ಸರಿ ಎನ್ನಬೇಕು. ಮೊಳ ಎತ್ತರದ ಒಂದು ವರಸೆ ಇಟ್ಟಮೇಲೆ ಕೈ ತೊಳೆದುಕೊಂಡು ಮನೆಗೆ ಹೋಗಿಬಿಡುತ್ತಿದ್ದಳು. ಆ ವರಸೆ ಒಣಗುವ ತನಕ ಯಾರು ಕರೆದರೂ ಬರುತ್ತಿರಲಿಲ್ಲ.

ತಂಗರಾಜನ ಮದುವೆಗೆ ಮನೆ ಎಬ್ಬಿಸಿದಾಗಲೂ ಹೀಗೇ ಆಯಿತು. ಹೆಣ್ಣು ಅವಳ ಮೈದುನನ ಮಗಳೇ, ಪೇಚ್ಚಿಯಮ್ಮಾಳ್. ಹಿಂಗೋಡೆಯ ನಾಲ್ಕನೆಯ ವರಸೆ ಇಟ್ಟ ಮೇಲೆ ಮೋಡ ಕವಿದು ಒಂಬತ್ತು ದಿನ ಬಿಸಿಲೇ ಬರಲಿಲ್ಲ. ತಂಗರಾಜನ ಅಪ್ಪ ಬಾಗಿಲಲ್ಲಿ ನಿಂತು ಕೂಗಾಡಿದ. ಮುಹೂರ್ತ ಬಂತು, ಮೇಲಿನದು ಇಡು ಎಂದ.

"ಮುಹೂರ್ತ ಇನ್ನೊಂದು ಬತ್ತೈತೆ ಮಾವ," ಎಂದಳು ಅಳಗಮ್ಮಾಳ್. "ಹಸಿ ಮ್ಯಾಲೆ ಭಾರ ಇಟ್ರೆ ಒಳಗೇ ಜಾರ್ತೈತೆ. ಮ್ಯಾಲೆ ಕಾಣಾಕಿಲ್ಲ."

ಮದುವೆ ಮುಂದಿನ ತಿಂಗಳಿಗೆ ಹೋಯಿತು. ಆಗ ಊರೆಲ್ಲ ನಕ್ಕಿತ್ತು. ಹದಿನೇಳು ವರ್ಷ ಕಳೆದು ಗೋಡೆ ಬಿದ್ದಾಗ ಅದು ಯಾರಿಗೂ ನೆನಪಾಗಲಿಲ್ಲ. ಮದುವೆಯ ಅವಸರಕ್ಕೆ ಒಣಗಲು ಬಿಡದೆ ಇಟ್ಟಳಂತೆ ಎಂದರು.

* * *

ಮನೆಯ ಮುಂದೆ ಚಟ್ಟ ಕಟ್ಟಿ ಮುಗಿದಿತ್ತು. ಅಳಗಮ್ಮಾಳನ್ನು ಮೀಯಿಸಿ, ಅರಿಶಿನ ಹಚ್ಚಿ, ಅಂಗಳದ ಚಪ್ಪರದಡಿ ಮಲಗಿಸಿದ್ದರು. ಬಿಸಿಲು ಏರುತ್ತಿತ್ತು. ಬಂದ ಹೆಂಗಸರು ಬಾಯಿಗೆ ನಾಲ್ಕು ಅಕ್ಕಿಕಾಳು ಹಾಕಿ, ಅತ್ತಂತೆ ಮಾಡಿ, ನೆರಳು ಹುಡುಕಿಕೊಂಡು ಕೂತರು.

ಮಾರಿಯಮ್ಮಾಳ್ ತಾಯಿಯ ಪಾದದ ಬಳಿ ಕೂತಿದ್ದಳು. ಜ್ವರ ಎಂದು ಹೇಳಿಕಳಿಸಿದ ಕೂಡಲೇ ಆಂಡಿಪಟ್ಟಿಯಿಂದ ಗಾಡಿ ಕಟ್ಟಿಸಿಕೊಂಡು ಹೊರಟಿದ್ದಳು. ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವಳಿಗೆ ಅಳು ಬಂದಿರಲಿಲ್ಲ. ದಾರಿಯುದ್ದಕ್ಕೂ ಎತ್ತಿನ ಗಾಡಿಯಲ್ಲಿ ಕುಲುಕಿ ಸೊಂಟ ಮರಗಟ್ಟಿತ್ತು.

ತಾಯಿಯ ಪಾದದ ಹಿಮ್ಮಡಿಗಳು ಒಡೆದು ಸೀಳಿದ್ದವು. ಅವಕ್ಕೆ ಅರಿಶಿನ ಸರಿಯಾಗಿ ಹತ್ತಿರಲಿಲ್ಲ. ಮಾರಿಯಮ್ಮಾಳ್ ಬೆರಳಿನಿಂದ ಮತ್ತೆ ಹಚ್ಚಿದಳು.

"ಜ್ವರ ಬಂದ ದಿನಾನೂ ಕಳೆ ಕೀಳಾಕೆ ಹೋಗಿದ್ಲು," ಎಂದಳು ಎದುರು ಸಾಲಿನ ಮನೆಯ ಮುನಿಯಮ್ಮಾಳ್. ಅವಳಿಗೂ ಅರವತ್ತು ದಾಟಿತ್ತು. "ಬ್ಯಾಡಕ್ಕ ಅಂದೆ. ಕುಂತ್ರೆ ಕುಂತ್ಕಂಡೇ ಇರ್ತೀನಿ ಅಂದ್ಲು. ಪಾವಂ."

"ನನ್ ಕೇಳಿದ್ಲಾ?"

ಮುನಿಯಮ್ಮಾಳ್ ಹೆಣದ ಮೇಲಿನ ನೊಣ ಓಡಿಸಿದಳು. "ಆಂಡಿಪಟ್ಟಿ ಒಣ ಸೀಮೆ, ಅಲ್ಲಿ ಮಗಳ ಮನೆಗೆ ನಾ ಇಟ್ಟ ಗೋಡೆ ನಿಂತಿರ್ತೈತೆ ಅಂತಿದ್ಲು."

ಮಾರಿಯಮ್ಮಾಳ್ ಕಣ್ಣು ಮುಚ್ಚಿದಳು. ಪೇಚ್ಚಿಯ ಸಾವಿಗೆ ಬಂದವಳು ಇದೇ ಅಂಗಳದಲ್ಲಿ ನಿಂತು, ಹತ್ತು ಜನರೆದುರು ಕೇಳಿದ್ದಳು: "ನಮ್ ಪೇಚ್ಚೀನ ನಿನ್ ಗೋಡೇನೇ ತಿಂತು ಅಂತಾರಲ್ಲ ಅವ್ವಾ. ಒಣಗಾಕೆ ಬುಡ್ಲಿಲ್ವಾ? ಹೇಳು." ತಾಯಿ ಅವಳ ಮುಖವನ್ನು ನೋಡಿ, ಹೊತ್ತಾಯ್ತು, ಗಾಡಿ ಹತ್ತು ಎಂದಷ್ಟೇ ಹೇಳಿದ್ದಳು. ಅದಾದ ಮೇಲೆ ಹದಿಮೂರು ತಿಂಗಳು ಮಾರಿಯಮ್ಮಾಳ್ ಈ ಕಡೆ ಬಂದಿರಲಿಲ್ಲ. ಗಂಡನ ಮನೆಯಲ್ಲಿ ತಾಯಿಯ ಮಾತು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ಬಾಗಿಲ ಪಕ್ಕದ ಜಗಲಿ ತಿಣ್ಣೆಯ ಮೇಲೆ ಲಕ್ಷ್ಮಣನ್ ಬೆನ್ನು ನೇರಮಾಡಿ ಕೂತಿದ್ದ. ಐವತ್ತರ ಆಳು. ಪಕ್ಕದಲ್ಲಿ ಹೊಸ ಮಣ್ಣಿನ ಕೊಡ ಇಟ್ಟಿದ್ದರು. ಅವನು ಅದನ್ನು ಮುಟ್ಟಿರಲಿಲ್ಲ.

ಮಾರಿಯಮ್ಮಾಳ್ ಎದ್ದು ಅವನ ಹತ್ತಿರ ಹೋದಳು. "ಅಣ್ಣ, ಹೊತ್ತು ಏರ್ತಾ ಐತೆ."

"ಬಂದಿದೀನಲ್ಲ," ಎಂದ ಲಕ್ಷ್ಮಣನ್. "ದೊಡ್ಡವ್ವ ಅಂತ ಬಂದೆ. ಚಿಕ್ಕಂದ್ನಲ್ಲಿ ಅವಳ ಕಯ್ಯಲ್ಲಿ ಉಂಡಿದೀನಿ. ಆದ್ರೆ ಆ ಕೊಡ ಎತ್ತಿದ್ರೆ ಪೇಚ್ಚಿ ಮುಖ ಕಣ್ಣಿಗೆ ಬತ್ತೈತೆ. ಮುಖ ಅಂತ ಎಲ್ಲಿತ್ತು. ಮಣ್ಣು ತೊಳೆದು ನೋಡ್ದೋನು ನಾನು."

"ಮತ್ತೆ ಯಾರ್ ಎತ್ತಾರು?"

"ಯಾರಾನ ಎತ್ಲಿ."

ಅವಳಿಗೆ ಜಗಳ ಮಾಡುವ ಶಕ್ತಿ ಇರಲಿಲ್ಲ. ತಿಣ್ಣೆಯ ಕಂಬಕ್ಕೆ ಒರಗಿ ನಿಂತಳು. ಅವನು ಹೇಳಿದ್ದರಲ್ಲಿ ತಪ್ಪೇನಿದೆ ಎಂದೂ ಅನ್ನಿಸಿತು.

* * *

ನೀರು ಬಂದದ್ದು ಮನ್ಮಥ ಸಂವತ್ಸರದಲ್ಲಿ, ಗೋಡೆ ಬೀಳುವ ಹಿಂದಿನ ವರ್ಷ. ಮಲೆಯ ಆಚೆ ಬದಿ ಹರಿಯುತ್ತಿದ್ದ ಹೊಳೆಗೆ ಅಡ್ಡಗಟ್ಟೆ ಕಟ್ಟಿ, ಬೆಟ್ಟ ಕೊರೆದು, ನೀರನ್ನು ಈಚೆಯ ಕಣಿವೆಗೆ ತಿರುಗಿಸಿದರು. ಬೇಸಿಗೆಯಲ್ಲಿ ಮರಳು ಮಾತ್ರ ಇರುತ್ತಿದ್ದ ಊರ ಹೊಳೆ ಈಗ ಪಂಗುನಿಯಲ್ಲೂ ಸೊಂಟಮಟ್ಟ ಹರಿಯಿತು. ಊರವರು ಕೂಡಿ ಹಳೆಯ ಕಾಲುವೆಯಿಂದ ಒಂದು ಕವಲು ವಾಯ್ಕಾಲು ತೋಡಿಕೊಂಡರು. ಅದನ್ನು ಹೊಲಗಳ ಆಚೆಯಿಂದ ಒಯ್ಯಬೇಕೆಂದು ಮೊದಲು ಮಾತಾಗಿತ್ತು. ತಂಗರಾಜ ಎಲ್ಲರ ಕೈಕಾಲು ಹಿಡಿದು ಅದನ್ನು ತನ್ನ ಹಿತ್ತಿಲ ಬದಿಯಿಂದ ಬಳಸಿ, ಅಳಗಮ್ಮಾಳ ಎದುರು ಸಾಲಿನ ಮನೆಗಳ ಹಿಂದೆಯೇ ಹಾಯಿಸಿದ. ಅವನ ತಗ್ಗಿನ ಎರಡು ಎಕರೆಗೆ ನೀರು ಸಿಕ್ಕಿತು. ಅವನ ವಂಶದಲ್ಲಿ ಮೊದಲ ಸಲ ಭತ್ತ ನಾಟಿದವನು ಅವನೇ.

ಮರುವರ್ಷ ತೈ ತಿಂಗಳಲ್ಲಿ ಅಳಗಮ್ಮಾಳ್ ಕರೆಯದೆ ಅವನ ಹಿತ್ತಿಲಿಗೆ ಬಂದಳು. ಮಾಯಾಂಡಿ ಅಲ್ಲಿ ಗೊಬ್ಬರ ತುಂಬುತ್ತಿದ್ದ. ಹಿಂಗೋಡೆಯ ಬುಡದುದ್ದಕ್ಕೂ ಗೇಣು ಎತ್ತರಕ್ಕೆ ಬಿಳಿಯ ಸವಳು ಉಪ್ಪು ಮೂಡಿತ್ತು. ಅವಳು ಕುಕ್ಕುರುಗಾಲಲ್ಲಿ ಕೂತು ಹೆಬ್ಬೆರಳು ಒತ್ತಿದಳು. ಬೆರಳು ಒಳಗೆ ಹೋಯಿತು. ಎದ್ದು ಎದೆಮಟ್ಟದಲ್ಲಿ ಗುದ್ದಿದಳು. ಕಲ್ಲಿನ ಸದ್ದು.

"ಮಾಪ್ಳೆ, ಇಲ್ಲಿ ಬಾ," ಎಂದು ಅಳಿಯ ತಂಗರಾಜನನ್ನು ಕರೆದಳು. "ಒಂದು ಚೊಂಬು ನೀರು ತಾ."

ಸೂರಿನಡಿ ಗೋಡೆಯ ತಲೆಯಿಂದ ನಿಂಬೆಹಣ್ಣಿನಷ್ಟು ಮಣ್ಣನ್ನು ಕತ್ತಿಯ ಮೊನೆಯಿಂದ ಕಷ್ಟಪಟ್ಟು ಒಡೆದು ತೆಗೆದಳು. ಅದನ್ನು ಅವನ ಕೈಗೆ ಕೊಟ್ಟು ಹಿಸುಕು ಎಂದಳು. ಅವನಿಂದ ಆಗಲಿಲ್ಲ. ಅದನ್ನೇ ಚೊಂಬಿನ ನೀರಿಗೆ ಬಿಟ್ಟಳು. ಗುಳ್ಳೆಗಳು ಸರಸರನೆ ಎದ್ದವು. ಅಂಚು ಉದುರಿತು, ಮಧ್ಯ ಸೀಳಿತು. ಒಂದು ವೀಳ್ಯ ಅಗಿಯುವಷ್ಟರಲ್ಲಿ ಚೊಂಬಿನ ತಳದಲ್ಲಿ ಕೆಸರು ಕೂತಿತ್ತು.

"ಮಣ್ಣಿಗೆ ಬಲ ಅಂದ್ರೆ ಒಣಗಿರೋದೇ," ಎಂದಳು. "ನಾನು ಒಣ ನೆಲದ ಮ್ಯಾಲೆ ಇಟ್ಟೆ. ಈಗ ಬುಡ ಗಂಜಿ ಆಗೈತೆ. ಮ್ಯಾಲಿಂದೆಲ್ಲಾ ಕಲ್ಲು. ಆ ಭಾರಾನ ಗಂಜಿ ಎಷ್ಟು ದಿನ ಹೊತ್ತಾತು?"

"ಮಳೆ ಇಲ್ಲ, ಮೋಡ ಇಲ್ಲ. ಗೋಡೆ ಎಲ್ಲಿ ನೆನೀತೈತೆ ಅತ್ತೆ."

"ಮ್ಯಾಲಿಂದ ಬರೋ ನೀರು ಕಣ್ಣಿಗೆ ಕಾಣ್ತೈತೆ. ಇದು ಕೆಳಗಿಂದ ಏರ್ತೈತೆ. ವಾಯ್ಕಾಲು ಮುಚ್ಚಿ ದೂರ ತಿರ್ಗಿಸ್ಬೇಕು. ನಿನ್ನ ಮನೆ ಮೊದ್ಲು. ಆಮ್ಯಾಲೆ ಈ ಸಾಲು ಪೂರಾ."

ತಂಗರಾಜ ಹೊಲದ ಕಡೆ ನೋಡಿದ. ಪೈರು ತೆನೆ ಕಟ್ಟುತ್ತಿತ್ತು. ಈಗ ನೀರು ನಿಂತರೆ ಎಲ್ಲ ಜೊಳ್ಳು.

"ನಲವತ್ತ್ ದಿನ ಕೊಡತ್ತೆ. ಕುಯ್ಲಾದ ಮಾರನೇ ದಿನ ನಾನೇ ಮುಚ್ತೀನಿ. ಈಗ್ಲೇ ಊರಲ್ಲಿ ಹೇಳಿದ್ರೆ ನಾಳೇನೇ ಮುಚ್ಚಿಸ್ತಾರೆ. ಪೇಚ್ಚಿಗೂ ಹೇಳ್ಬ್ಯಾಡ, ಅವಳು ಅವಳಣ್ಣನ ಹತ್ರ ಓಡ್ತಾಳೆ. ಹಿಂದಿನ ಕೋಣೇಲಿ ಯಾರೂ ಮಲಗದ ಹಾಗೆ ನಾ ನೋಡ್ಕೊತೀನಿ."

ಅಳಗಮ್ಮಾಳ್ ಚೊಂಬಿನ ಕೆಸರನ್ನು ಚೆಲ್ಲಿದಳು. ಅವಳೂ ಪೈರನ್ನು ನೋಡಿದಳು. ಬೆರಳು ಮಡಿಸಿ ದಿನ ಎಣಿಸಿ ಸರಿ ಎಂದಳು.

ಮೂವತ್ತೆರಡನೆಯ ದಿನ, ಮಧ್ಯಾಹ್ನ, ಬಿಸಿಲಿನಿಂದ ಬಂದ ಪೇಚ್ಚಿಯಮ್ಮಾಳ್ ಹಿಂದಿನ ಕೋಣೆಗೆ ಹೋದಳು. ಮನೆಯಲ್ಲೆಲ್ಲ ಆ ಗೋಡೆಯ ಬುಡವೇ ತಂಪು. ಸೆರಗು ಹಾಸಿ, ಅದಕ್ಕೆ ಬೆನ್ನು ಹಚ್ಚಿ ಮಲಗಿದಳು.

ಸಾವಿನ ಮನೆಯಲ್ಲಿ ಯಾರೋ ಒಬ್ಬರು ಅಳಗಮ್ಮಾಳ ಕೈ ಕೆಟ್ಟಿತ್ತು ಎಂದರು. ಇನ್ನೊಬ್ಬರು ಹೌದೆಂದರು. ತಂಗರಾಜ ಇಲ್ಲವೆನ್ನಲಿಲ್ಲ. ಅಂದು ಇಲ್ಲವೆನ್ನದವನಿಗೆ ಮರುದಿನ ಇನ್ನೂ ಕಷ್ಟವಾಯಿತು, ತಿಂಗಳಾದ ಮೇಲೆ ಆಗದ ಮಾತಾಯಿತು. ಕೊಯ್ಲಾಯಿತು. ವಾಯ್ಕಾಲು ಮುಚ್ಚುವುದಕ್ಕೆ ಕಾರಣ ಹೇಳಬೇಕಾಗಿತ್ತು, ಮುಚ್ಚಲಿಲ್ಲ. ಹಿಂಗೋಡೆ ಇದ್ದಲ್ಲಿ ತಟ್ಟಿ ಕಟ್ಟಿಕೊಂಡ.

ಅಳಗಮ್ಮಾಳ್ ಆ ಸಾಲಿನ ಮನೆಗಳಿಗೆಲ್ಲ ಹೋದಳು, ಗೋಡೆಯ ಬುಡ ನೋಡುತ್ತೇನೆ ಎಂದಳು. ಒಂದು ಮನೆಯಲ್ಲಿ ಬಾಗಿಲು ಹಾಕಿಕೊಂಡರು. ಇನ್ನೊಂದರಲ್ಲಿ, ನಮ್ಮನ್ನೂ ಕೊಲ್ಲಬೇಕಾ ಎಂದರು. ಆಮೇಲೆ ಅವಳು ಹೋಗಲಿಲ್ಲ.

"ನೀವು ಮುಂಚೇನೇ ಹೇಳಿದ್ರಿ ಅಂತ ಊರಿಗೆ ಹೇಳಿ ಅಮ್ಮಾ," ಎಂದು ಮಾಯಾಂಡಿ ಅಂಗಲಾಚಿದ.

"ಏನಂತ ಹೇಳ್ಲಿ. ಗೊತ್ತಿದ್ದೂ ಸರಿ ಅಂದವಳು ನಾನು," ಎಂದಳು. "ನಲವತ್ತ್ ದಿನ ತಡೀತೈತೆ ಅಂತ ನಾನೂ ಲೆಕ್ಕ ಹಾಕ್ದೆ. ಮಣ್ಣು ಗೊತ್ತು ಅಂತ ಇದ್ದೆ."

* * *

ತಂಗರಾಜ ಸುಡುಗಾಡಿನಿಂದ ನೇರವಾಗಿ ಬಂದ. ಮೈಮೇಲಿನ ಮಣ್ಣನ್ನು ತೊಳೆದಿರಲಿಲ್ಲ. ಬೆವರಿನೊಡನೆ ಅದು ತೋಳುಗಳ ಮೇಲೆ ಒಣಗಿ ಬಿರಿಯುತ್ತಿತ್ತು. ಅವನನ್ನು ಕಂಡು ಹೆಂಗಸರು ಮಾತು ನಿಲ್ಲಿಸಿದರು. ಅವನ ಹಿಂದೆ ಮಾಯಾಂಡಿ ಅಂಗಳದ ಹೊರಗೇ ನಿಂತ.

"ಗುಂಡಿ ಆಯ್ತು," ಎಂದ ತಂಗರಾಜ. ಆಮೇಲೆ ಲಕ್ಷ್ಮಣನ ಎದುರು ಹೋಗಿ ನಿಂತ. "ಭಾವ, ಕೊಡ ಎತ್ತು."

"ನೀ ಹ್ಯಾಂಗೆ ಬಂದೆ ಮಾಪ್ಳೆ? ಇವಳ ಗುಂಡಿ ತೋಡಾಕೆ ನಿನಗೆ ಮನಸ್ಸಾದ್ರೂ ಹ್ಯಾಂಗೆ ಬಂತು?"

"ಅತ್ತೆ ಹೇಳಿದ್ಲು ಭಾವ. ಬೀಳೋಕ್ಕೆ ಒಂದು ತಿಂಗಳ ಮುಂಚೆ. ವಾಯ್ಕಾಲು ನೀರು ಗೋಡೆ ಬುಡಕ್ಕೆ ಏರೈತೆ, ಮುಚ್ಚು ಅಂದ್ಲು. ಹೆಂಟೆ ನೀರಿಗೆ ಹಾಕಿ ತೋರ್ಸಿದ್ಲು. ಕುಯ್ಲಾಗ್ಲಿ, ಯಾರ್ಗೂ ಹೇಳ್ಬ್ಯಾಡ ಅಂತ ನಾನೇ ಕೇಳ್ಕಂಡೆ."

ತಂಗರಾಜ ಹೆಂಗಸರ ಕಡೆ ತಿರುಗಿದ.

"ಒಣಗಾಕೆ ಬುಡದೆ ಇಟ್ಳು ಅಂದ್ರಿ ಎಲ್ಲಾರೂ. ನಾ ಸುಮ್ಕಿದ್ದೆ. ನನ್ ಮದುವೇನೇ ಮುಂದಕ್ಕೆ ಹೋಯ್ತು ಆ ಗೋಡೆ ಒಣಗಾಕೆ."

ಲಕ್ಷ್ಮಣನ್ ತಿಣ್ಣೆಯಿಂದ ಇಳಿದ. ಹೊಡೆಯುತ್ತಾನೆ ಎಂದುಕೊಂಡು ಇಬ್ಬರು ಗಂಡಸರು ಎದ್ದರು. ಅವನು ತಂಗರಾಜನ ಮುಖವನ್ನೇ ನೋಡುತ್ತ ನಿಂತ.

"ಪೇಚ್ಚಿಗೆ ಗೊತ್ತಿತ್ತಾ?"

"ಇಲ್ಲ."

"ಆ ಕೋಣೇಲಿ ಮಲಗ್ಬ್ಯಾಡ ಅಂತಾನಾರೂ ಹೇಳಿದ್ಯಾ?"

"ಇಲಿ ಐತೆ, ಮಲಗ್ಬ್ಯಾಡ ಅಂದೆ," ಎಂದ ತಂಗರಾಜ. "ನಕ್ಕಳು."

ಲಕ್ಷ್ಮಣನ್ ಕೈ ಎತ್ತಲಿಲ್ಲ. ಮೊಣಕಾಲಿನ ಮೇಲೆ ಕೈಯೂರಿ ಮತ್ತೆ ತಿಣ್ಣೆಯ ಮೇಲೆ ಕೂತ. ಒಂದು ಗಳಿಗೆಯಲ್ಲಿ ಅವನಿಗೆ ವಯಸ್ಸಾದಂತೆ ಕಂಡಿತು.

"ನಮ್ಮನೆಗೂ ಬಂದಿದ್ಲು," ಎಂದಳು ಮುನಿಯಮ್ಮಾಳ್, ಯಾರಿಗೂ ಅಲ್ಲದಂತೆ. "ಬುಡ ನೋಡ್ತೀನಿ ಮುನಿ ಅಂದ್ಲು. ನಾ ಅಗುಳಿ ಹಾಕ್ಕಂಡೆ. ಈ ಸಾಲು ಪೂರಾ ಹೋಗ್ತೈತೆ ಅಂತ ಹೊರಗಿಂದಾನೇ ಹೇಳ್ತಿದ್ಲು."

ಮಾರಿಯಮ್ಮಾಳ್ ತಂಗರಾಜನ ಹತ್ತಿರ ಬಂದಳು. "ನಾ ಇಲ್ಲೇ ನಿಂತು ಕೇಳಿದ್ದೆ ಅವ್ವನ್ನ," ಎಂದಳು. "ನೀನೂ ಆವತ್ತು ಆ ಕಡೆ ನಿಂತಿದ್ದೆ."

"ನಿಂತಿದ್ದೆ ಅಕ್ಕ."

"ಗಾಡಿ ಹತ್ತು ಅಂದ್ಲು ನಂಗೆ."

ಅವಳು ತಾಯಿಯ ಕಡೆ ತಿರುಗಿದಳು. ಅಲ್ಲಿಗೆ ಹೋಗಿ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು, ದನಿಯಿಲ್ಲದೆ ಅತ್ತಳು. ಅದು ಬಹಳ ಹೊತ್ತು ನಡೆಯಿತು. ಯಾರೂ ಸಮಾಧಾನ ಮಾಡಲಿಲ್ಲ.

ಕೊನೆಗೆ ಲಕ್ಷ್ಮಣನ್ ಎದ್ದು ಮೇಲುವಸ್ತ್ರ ಸೊಂಟಕ್ಕೆ ಸುತ್ತಿಕೊಂಡ. ತಲೆಯ ಮೇಲೆ ನೀರು ಸುರಿದುಕೊಂಡು, ಒದ್ದೆ ಮೈಯಲ್ಲೇ ಕೊಡ ಎತ್ತಿ ಹೆಗಲಿಗಿಟ್ಟ. ಚಟ್ಟಕ್ಕೆ ಮೂವರು ಬಂದರು. ನಾಲ್ಕನೆಯ ಮೂಲೆಗೆ ತಂಗರಾಜ ಹೋದ.

"ಅವನು ಬ್ಯಾಡ," ಎಂದ ಲಕ್ಷ್ಮಣನ್, ತಿರುಗದೆ.

"ಹೊರ್ಲಿ ಅಣ್ಣ," ಎಂದಳು ಮಾರಿಯಮ್ಮಾಳ್. "ನಾಲ್ಕು ಜನ ಬೇಕಲ್ಲ. ಬಿಸಿಲು ಸುಡ್ತಾ ಐತೆ."

ಬೀದಿಯ ತುದಿಯವರೆಗೆ ಹೆಂಗಸರು ಹೋಗಿ ನಿಂತರು. ಅಲ್ಲಿಂದ ಮುಂದೆ ಗಂಡಸರು ಮಾತ್ರ. ಸುಡುಗಾಡಿನಲ್ಲಿ ಲಕ್ಷ್ಮಣನ್ ಮೂರು ಸುತ್ತು ಬಂದು ಕೊಡ ಒಡೆದ. ಅವಳನ್ನು ಇಳಿಸಿದರು. ಮಣ್ಣು ಎಳೆದರು. ಆ ಗುಂಡಿಯದೇ ಮಣ್ಣಾದರೂ ಅದು ತಿರುಗಿ ಗುಂಡಿಗೆ ಹಿಡಿಸಲಿಲ್ಲ, ದಿಬ್ಬವಾಗಿ ಉಳಿಯಿತು. ಮಾಯಾಂಡಿ ಮತ್ತು ತಂಗರಾಜ ಅದನ್ನು ಸನಿಕೆಯ ಬೆನ್ನಿನಿಂದ ಬಡಿದು ಬಡಿದು ಕೂರಿಸಿದರು. ಲಕ್ಷ್ಮಣನ್ ಅವರಿಗಾಗಿ ಕಾಯದೆ ಹೊರಟ.

* * *

ಹೊತ್ತು ಇಳಿಯುವಾಗ ಮಾರಿಯಮ್ಮಾಳ್ ತಾಯಿಯ ಮನೆಯ ತಿಣ್ಣೆಯ ಮೇಲೆ ಕೂತಿದ್ದಳು. ಒಳಗೆ ತಾಯಿ ಪ್ರಾಣ ಬಿಟ್ಟ ಕಡೆ ದೀಪ ಹಚ್ಚಿಟ್ಟಿದ್ದಳು. ಮುನಿಯಮ್ಮಾಳ್ ಗಂಜಿ ತಂದಿಟ್ಟು ಹೋಗಿದ್ದಳು. ಮಾರಿಯಮ್ಮಾಳ್ ಎರಡು ಗುಟುಕು ಕುಡಿದು ಹಾಗೇ ಇಟ್ಟಿದ್ದಳು. ಮಲೆಯ ಸಾಲು ಕಪ್ಪಾಗುತ್ತಿತ್ತು. ಮನೆಗಳ ಹಿಂದೆ ವಾಯ್ಕಾಲಿನ ನೀರು ಹರಿಯುವ ಸದ್ದು ನಿಂತಿರಲಿಲ್ಲ.

ಎದುರು ಸಾಲಿನ ಮನೆಯೊಂದರ ಬಾಗಿಲು ಕಿರುಗುಟ್ಟಿತು. ಒಬ್ಬ ಹೆಂಗಸು ಎರಡು ಚಾಪೆ ಸುರುಳಿ ಸುತ್ತಿ ತಂದು ಬೀದಿಯ ನಡುವೆ ಹಾಸಿದಳು. ಒಳಗೆ ಹೋಗಿ ಮಲಗಿದ್ದ ಮಗುವನ್ನು ಎತ್ತಿ ತಂದು ಮಲಗಿಸಿದಳು. ಆಮೇಲೆ ಕಾಳಿನ ಮಡಕೆಗಳು ಬಂದವು. ಪಕ್ಕದ ಮನೆಯವರು ಬಾಗಿಲಲ್ಲಿ ನಿಂತು ನೋಡಿದರು. ಸ್ವಲ್ಪ ಹೊತ್ತಿಗೆ ಅವರೂ ಹಾಸಿಗೆ ತಂದರು. ಮುನಿಯಮ್ಮಾಳ್ ತನ್ನ ಹಳೆಯ ಹಗ್ಗದ ಮಂಚವನ್ನು ಒಂದೊಂದು ಕಾಲಾಗಿ ಹೊಸಿಲು ದಾಟಿಸಿ, ಅರ್ಧ ದಾರಿಯಲ್ಲಿ ನಿಂತು ಏದುಸಿರು ಬಿಟ್ಟಳು. ಯಾರೋ ಬಂದು ಇನ್ನೊಂದು ತುದಿ ಹಿಡಿದರು. ಕತ್ತಲು ಕವಿಯುವ ಮೊದಲು ಆ ಬೀದಿಯ ನಡುವೆ ಮಂಚ, ಚಾಪೆ, ತೊಟ್ಟಿಲುಗಳ ಉದ್ದ ಸಾಲು ಬಿದ್ದಿತ್ತು.

ಎಲ್ಲರಿಗಿಂತ ಕೊನೆಯಲ್ಲಿ ಲಕ್ಷ್ಮಣನ್ ತನ್ನ ಮುದಿ ತಾಯಿಯನ್ನು ಮಂಚದ ಸಮೇತ ಹೊರಗೆ ತಂದ. ಬೀದಿಗೆ ತಂದಿಟ್ಟು ಬೆನ್ನು ನೀವಿಕೊಂಡ. ತಿರುಗಿ ತನ್ನ ಮನೆಯ ಗೋಡೆಯನ್ನು ಬುಡದಿಂದ ಸೂರಿನವರೆಗೆ ಒಮ್ಮೆ ಕಣ್ಣಲ್ಲೇ ಅಳೆದ. ಆಮೇಲೆ ಮಂಚದ ಕಾಲು ಹಿಡಿದು ಇನ್ನೂ ಎರಡು ಮೊಳ ಆಚೆಗೆ ಎಳೆದ.